ಲತಾಮಣಿಯ ಬುಲೆಟ್ ಬೋರಿಗೆ ಹೋದದ್ದು

ಸಿದ್ದಾಪುರದ ಲತಾಮಣಿಯ ಬುಲೆಟ್ ಇಂಜಿನ್ ಕಚ್ಚಿಕೊಂಡು, ಸೀಜ್ ಆಗಿ ನಿಂತದ್ದು ಮಾರ್ಚ್ ತಿಂಗಳ ಉರಿಬಿಸಿಲಲ್ಲಿ, ಜೆ.ಪಿ. ನಗರದ ರಿಂಗ್ ರೋಡಿನ ನಟ್ಟನಡುವೆ. ಹಿಂದಿನ ಚಕ್ರ ಕಿರ್ರೆಂದು ಬಿಗಿದುಕೊಂಡಿತು. ಅವಳು ಕ್ಲಚ್ ಅದುಮಿ, ಬೀಳದೆ, ಗಾಡಿಯನ್ನು ಪಕ್ಕಕ್ಕೆ ತಂದಳು. ಹಿಂದಿದ್ದ ಕಾರಿನ ಹುಡುಗ ಕಿಟಕಿ ಇಳಿಸಿ, "ಆಂಟಿ, ಈ ವಯಸ್ಸಲ್ಲಿ ಇದೆಲ್ಲ ಬೇಕಾ?" ಎಂದ.

"ನಿನ್ ವಯಸ್ಸಲ್ಲೂ ಇದನ್ನೇ ಓಡಿಸ್ತಿದ್ದೆ ಕಣಪ್ಪಾ. ಹೋಗು, ಸಿಗ್ನಲ್ ಬಿಟ್ಟಿದೆ."

ಅದು ನಿಜವೇ. ನರ್ಸ್ ಕೆಲಸ ಸಿಕ್ಕ ಹೊಸದರಲ್ಲಿ ನೈಟ್ ಡ್ಯೂಟಿಗೆ ಹೋಗಲು ಬಸ್ಸಿರಲಿಲ್ಲ. ಪೊಲೀಸರೊಬ್ಬರು ಓಡಿಸಿ ಬಿಟ್ಟಿದ್ದ ಹಳೆಯ ಬುಲೆಟ್ಟನ್ನು ಲತಾಮಣಿ ಕೊಂಡಳು. ಬೀದಿ ಹುಡುಗರು ಸಿಳ್ಳೆ ಹೊಡೆದರು. ತಾಯಿ ಯಲ್ಲಮ್ಮ, ಇನ್ನು ಇವಳನ್ನು ಯಾರು ಮದುವೆಯಾಗುತ್ತಾರೆ ಎಂದು ಅತ್ತಳು. ಯಾರೂ ಆಗಲಿಲ್ಲ; ಲತಾಮಣಿ ಅದಕ್ಕಾಗಿ ಕೊರಗಲೂ ಇಲ್ಲ. ಅಂದಿನಿಂದ ಪ್ರತಿ ವರ್ಷ ಅಂಬೇಡ್ಕರ್ ಜಯಂತಿಗೆ ಕೇರಿಯ ಮೆರವಣಿಗೆಯ ಮುಂದೆ ನೀಲಿ ಬಾವುಟ ಕಟ್ಟಿಕೊಂಡು ಹೋಗುತ್ತಿದ್ದದ್ದು ಅವಳ ಬುಲೆಟ್ಟೇ.

ಈ ಸಲದ ಮೆರವಣಿಗೆ ಸಮಿತಿಗೆ ಅವಳ ತಮ್ಮ ವೇಣು ಅಧ್ಯಕ್ಷ. ಗಾಡಿ ಕೆಟ್ಟ ಸುದ್ದಿ ಕೇಳಿ ಅವನಿಗೆ ಒಳಗೊಳಗೇ ನಿರಾಳವಾಯಿತು.

"ಒಳ್ಳೇದೇ ಆಯ್ತು ಬಿಡಕ್ಕ. ಈ ಸಲ ಜೀಪಲ್ಲಿ ಕೂತ್ಕೋ. ಹಾರ ಹಾಕ್ತೀವಿ. ಹಿರಿಯರ ಸಾಲಲ್ಲಿ ನಿಂದೇ ಮೊದಲ್ನೇ ಸೀಟು."

"ಹಾರ ಹಾಕಿ ಕೂರ್ಸೋದು ಫೋಟೋನ. ನಾನಿನ್ನೂ ಫೋಟೋ ಆಗಿಲ್ಲ."

ಪರಿಚಯದ ಮೆಕ್ಯಾನಿಕ್ ಒಬ್ಬ ಅವಳ ಮನೆ ಮುಂದೆಯೇ ಇಂಜಿನ್ ಬಿಚ್ಚಿಕೊಟ್ಟ. ಸಿಲಿಂಡರ್ ಬ್ಲಾಕು, ಹೆಡ್ಡು, ಗೀರು ಬಿದ್ದ ಪಿಸ್ಟನ್ ಎಲ್ಲವನ್ನೂ ಗೋಣಿಚೀಲಕ್ಕೆ ತುಂಬಿಕೊಂಡು ಅಕ್ಕ ತಮ್ಮ ಆಟೋದಲ್ಲಿ ಸುದ್ದಗುಂಟೆಪಾಳ್ಯಕ್ಕೆ ಹೋದರು. ಅಲ್ಲಿ ಗುರುಶಾಂತಪ್ಪನ ಬೋರಿಂಗ್ ಅಂಗಡಿ; ಸವೆದ ಸಿಲಿಂಡರನ್ನು ಒಳಗಿನಿಂದ ಕೊರೆದು ನುಣುಪು ಮಾಡುವುದು ಅವನ ಕೆಲಸ. ಗುರುಶಾಂತಪ್ಪ ಬ್ಲಾಕಿನ ಒಳಗೆ ಬೆರಳಾಡಿಸಿ, ಅಳತೆ ನೋಡಿ, ವೇಣುವಿನ ಕಡೆ ತಿರುಗಿ, "ಸಾರ್, ಇದು..." ಎಂದು ಶುರು ಮಾಡಿದ.

"ಗಾಡಿ ನಂದು. ಈ ಕಡೆ ತಿರುಗಿ ಹೇಳಿ," ಎಂದಳು ಲತಾಮಣಿ.

ಗುರುಶಾಂತಪ್ಪ ನಕ್ಕು ತಿರುಗಿದ. "ಹಿಂದೆ ಎರಡು ಸಲ ಬೋರ್ ಆಗಿದೆ ಮೇಡಂ. ಇನ್ನೂ ಕೊರೆದ್ರೆ ಗೋಡೆ ತೆಳ್ಳಗಾಗತ್ತೆ. ಬರೀ ರಿಂಗ್ ಹಾಕಿದ್ರೆ ಜಯಂತಿವರೆಗೂ ಓಡಬಹುದು, ಆಮೇಲೆ ಮತ್ತೆ ಇದೇ ಕತೆ. ಒಳಗಡೆ ಕೊಳವೆ ಥರದ್ದು ಹೊಸ ಸ್ಲೀವ್ ಕೂರ್ಸಿ, ಹೊಸ ಪಿಸ್ಟನ್ನಿಗೆ ಬಿಗಿಯಾಗಿ ಬೋರ್ ಮಾಡೋದೇ ಸರಿ. ಸದ್ದೇ ಇಲ್ದೆ ವರ್ಷಗಟ್ಲೆ ಓಡತ್ತೆ. ಹೆಡ್ ಫೇಸಿಂಗು, ವಾಲ್ವು, ಪಾಲಿಶ್ಶು, ಎಲ್ಲಾ ಒಟ್ಟಿಗೇ ಮಾಡ್ಬಿಡೋಣ."

"ಹೆಡ್ಡಿಗೆ ಏನಾಗಿದೆ?"

"ಏನೂ ಆಗಿಲ್ಲ. ಹೆಂಗೂ ಬಿಚ್ಚಿದೀರಲ್ಲ ಅಂತ."

"ಏನೂ ಆಗ್ದೇ ಇರೋದನ್ನ ಮುಟ್ಬೇಡಿ. ಸ್ಲೀವ್ ಹಾಕಿ. ಆದ್ರೆ ಏಪ್ರಿಲ್ ಹದಿನಾಲ್ಕಕ್ಕೆ ನಾನು ಮೆರವಣಿಗೇಲಿ ಹೋಗ್ಬೇಕು."

ಗುರುಶಾಂತಪ್ಪನ ನಗು ಮಾಯವಾಯಿತು. "ಹೊಸ ಬೋರಲ್ಲಿ ಮೆರವಣಿಗೇನಾ? ಇದಕ್ಕೆ ನೀರಿಲ್ಲ ಮೇಡಂ, ಗಾಳಿಯಿಂದ್ಲೇ ತಣ್ಣಗಾಗ್ಬೇಕು. ತಮಟೆ ಹಿಂದೆ ನಡಿಗೆ ಸ್ಪೀಡಲ್ಲಿ ಹೋದ್ರೆ ಗಾಳಿ ಎಲ್ಲಿಂದ ಬರತ್ತೆ? ಪಿಸ್ಟನ್ ಉಬ್ಬಿ ಕಚ್ಕೊಳತ್ತೆ."

"ನೋಡಿದ್ಯಾ ಅಕ್ಕ?" ಎಂದ ವೇಣು, ಗೆದ್ದವನಂತೆ.

ಲತಾಮಣಿ ಅವನತ್ತ ನೋಡಲಿಲ್ಲ. "ಉಬ್ಬಕ್ಕೆ ಜಾಗ ಬಿಟ್ರೆ?"

"ಬಿಡಬಹುದು. ಸ್ವಲ್ಪ ಸಡಿಲ ಬಿಟ್ರೆ ಕಚ್ಚೋ ಭಯ ಕಮ್ಮಿ. ಆದ್ರೆ ತಣ್ಣಗಿದ್ದಾಗ ಪಿಸ್ಟನ್ ಟಕಟಕ ಅನ್ನತ್ತೆ, ಬಾಳಿಕೇನೂ ಕಮ್ಮಿ. ಕೇಳಿದೋರು ಗುರುಶಾಂತಪ್ಪಂಗೆ ಬೋರ್ ಮಾಡಕ್ಕೆ ಬರಲ್ಲ ಅಂತಾರೆ."

"ಸದ್ದು ಮಾಡ್ಬೇಡ ಅಂತ ನಂಗೆ ಹೇಳಿದೋರು ಬೇಕಾದಷ್ಟು ಜನ ಇದಾರೆ. ನೀವು ನನ್ ಗಾಡಿಗೂ ಅದನ್ನೇ ಹೇಳ್ಬೇಡಿ. ಸಡಿಲ ಬಿಡಿ. ಕಚ್ಕೊಂಡ್ರೂ ನಿಮ್ ಹೆಸ್ರು ಎತ್ತಲ್ಲ."

ಗುರುಶಾಂತಪ್ಪ ಬ್ಲಾಕನ್ನು ಎತ್ತಿಕೊಂಡು ಒಳಗೆ ಒಯ್ದ.

ಸ್ಲೀವ್ ಸಿಗುವುದು ತಡವಾಯಿತು. ಇಂಜಿನ್ ಕೂಡಿಕೊಂಡು ನಿಂತಾಗ ಜಯಂತಿಗೆ ಒಂದು ವಾರವೂ ಉಳಿದಿರಲಿಲ್ಲ. ಹೊಸ ಬೋರನ್ನು ಪಳಗಿಸಲು ಲತಾಮಣಿ ದಿನಾ ಬೆಳಗಿನ ಜಾವ ಎದ್ದು ಕನಕಪುರ ರಸ್ತೆ ಹಿಡಿದಳು. ಗಾಳಿ ಬಡಿಯುವ ಹಾಗೆ, ಆದರೆ ಇಂಜಿನ್ ಏದುಸಿರು ಬಿಡದ ಹಾಗೆ ಹಾರೋಹಳ್ಳಿಯವರೆಗೆ ಹೋಗಿ, ಚಹಾ ಕುಡಿದು, ಇಂಜಿನ್ ಆರಿದ ಮೇಲೆ ವಾಪಸ್ಸಾಗುತ್ತಿದ್ದಳು. ಸೊಂಟ ಹಿಡಿದುಕೊಂಡಿತು. ಯಾರಿಗೂ ಹೇಳಲಿಲ್ಲ.

ಹದಿನಾಲ್ಕರಂದು ಮೆರವಣಿಗೆ ಹೊರಟಿತು. ಮುಂದೆ ತಮಟೆ, ಅದರ ಹಿಂದೆ ನೀಲಿ ಬಾವುಟದ ಬುಲೆಟ್ಟು, ಅದರ ಹಿಂದೆ ಜೀಪು. ಅರ್ಧ ದಾರಿಯಲ್ಲಿ ಇಂಜಿನ್ನಿನ ಕಾವು ಮೊಣಕಾಲಿಗೆ ಚುರುಗುಟ್ಟತೊಡಗಿತು. ಸುಟ್ಟ ಎಣ್ಣೆಯ ವಾಸನೆ ಬಂತು. ಗಾಡಿ ಎಳೆಯಲಾರದೆ ತಿಣುಕುತ್ತಿರುವುದು ಲತಾಮಣಿಗೆ ತಿಳಿಯಿತು. ಹೊಂಗೆ ಮರದ ನೆರಳಿಗೆ ತಂದು ಆಫ್ ಮಾಡಿದಳು. ಕಚ್ಚಿಕೊಂಡಿದ್ದರೆ?

ವೇಣು ಜೀಪಿನಿಂದ ಧುಮುಕಿ ಬಂದ. "ಸಾಕು ಬಾ ಅಕ್ಕ. ಜನ ಕಾಯ್ತಿದಾರೆ. ಜೀಪು ಹತ್ತು."

"ಕಾಯ್ಲಿ. ಇಷ್ಟು ವರ್ಷ ಕಾದಿಲ್ವಾ? ಇನ್ನೂ ಸ್ವಲ್ಪ ಹೊತ್ತು ಕಾಯ್ತಾರೆ."

ಕೇರಿಯ ಹೆಂಗಸರು ಮೊದಲು ನಿಂತರು. ಅವರು ನಿಂತದ್ದು ನೋಡಿ ತಮಟೆಯವರು ತಿರುಗಿ ಬಂದು ಬುಲೆಟ್ಟಿನ ಸುತ್ತ ನಿಂತು ಬಡಿಯತೊಡಗಿದರು. ಯಾರೋ ಮಜ್ಜಿಗೆ ತಂದುಕೊಟ್ಟರು. ಲತಾಮಣಿ ಆತುರಪಡಲಿಲ್ಲ. ಇಂಜಿನ್ನಿನ ಬಳಿ ಅಂಗೈ ಹಿಡಿದು ನೋಡಿ, ಕಾವು ಇಳಿದ ಮೇಲೆ ಎದ್ದಳು. ಕಿಕ್ಕರಿನ ಮೇಲೆ ಕಾಲಿಟ್ಟು ಮೆಲ್ಲಗೆ ಒತ್ತಿದಳು. ಅದು ಸಲೀಸಾಗಿ ಇಳಿಯಿತು. ಕಚ್ಚಿರಲಿಲ್ಲ. ಒಂದು ಕಿಕ್ಕಿಗೆ ಕೆಮ್ಮಿತು. ಇನ್ನೊಂದಕ್ಕೆ ಸುಮ್ಮನಾಯಿತು. ಮತ್ತೊಂದಕ್ಕೆ ಹತ್ತಿಕೊಂಡಿತು. ಹೆಂಗಸರು ಕೂಗಿದ ಕೂಗಿಗೆ ತಮಟೆಯೇ ಕೇಳಿಸಲಿಲ್ಲ.

ಪ್ರತಿಮೆಯ ಮುಂದೆ ಮೆರವಣಿಗೆ ಮುಗಿದಾಗ ಅವಳ ಮೊಣಕಾಲ ಬಳಿ ಬೊಬ್ಬೆ ಎದ್ದಿತ್ತು. ಜೀಪು ಹಿರಿಯರನ್ನು ತುಂಬಿಕೊಂಡು ಹೊರಟುಹೋಗಿತ್ತು. ಬೆವರಿನಲ್ಲಿ ತೊಯ್ದು ಹೋಗಿದ್ದ ವೇಣು ಕಾಲೆಳೆಯುತ್ತ ಬಂದು ಬುಲೆಟ್ಟಿನ ಹಿಂದಿನ ಸೀಟಿಗೆ ಕೈ ಹಾಕಿದ.

"ಅಕ್ಕ, ಮನೆಗೆ ಬಿಡ್ತೀಯಾ?"

"ಇಂಜಿನ್ ಹೊಸದು ಕಣೋ, ಈಗ್ಲೇ ಡಬಲ್ ಹೊರಲ್ಲ," ಎಂದು ಲತಾಮಣಿ ಗೇರು ಹಾಕಿದಳು. "ನಡ್ಕೊಂಡ್ ಬಾ."