ಎಡಗೆನ್ನೆಯ ಮೂಳೆ

ಡಾರ್ಕ್‌ರೂಮಕ್ಕನಿಗೆ ನಲವತ್ತೊಂದು ವರ್ಷ. ನಮಗೆಲ್ಲ ಇಪ್ಪತ್ತರ ಆಸುಪಾಸು. ಎಕ್ಸ್‌ರೇ ಡಿಪ್ಲೊಮಾದ ಮೂಳೆಗಳ ಮೌಖಿಕ ಪರೀಕ್ಷೆಯಲ್ಲಿ ಎರಡು ಸಲ ಫೇಲಾಗಿ, ಮೂರನೆಯ ಸಲಕ್ಕೆ ನಮ್ಮ ತಂಡದ ಜೊತೆ ಬಂದು ಮೊದಲನೇ ಬೆಂಚಿನಲ್ಲಿ ಕೂತಿದ್ದರು. ನಾಲ್ಕನೆಯ ಅವಕಾಶ ಇರಲಿಲ್ಲ.

ಪಕ್ಕದ ಆಸ್ಪತ್ರೆಯ ಕತ್ತಲೆ ಕೋಣೆಯಲ್ಲಿ ಅವರು ಹನ್ನೊಂದು ವರ್ಷ ಫಿಲ್ಮ್ ತೊಳೆದಿದ್ದರು. ಕಣ್ಣಿಗೆ ಕೆಲಸವಿಲ್ಲದ ಜಾಗ ಅದು. ಅಂಚು ಸವರಿ ಫಿಲ್ಮಿನ ಅಳತೆ ಹೇಳುವುದು, ಕ್ಲಿಪ್ಪಿಗೆ ಸಿಕ್ಕಿಸುವುದು, ತೊಟ್ಟಿಗೆ ಇಳಿಸುವುದು, ಎಲ್ಲವೂ ಬೆರಳಿನ ಲೆಕ್ಕ. ಆಮೇಲೆ ಕಂಪ್ಯೂಟರ್ ಯಂತ್ರ ಬಂತು. ತೊಟ್ಟಿಗಳು ಗುಜರಿಗೆ ಹೋದವು, ಕೋಣೆಯಲ್ಲಿ ಮುರಿದ ಕುರ್ಚಿಗಳು ತುಂಬಿದವು. ದೊಡ್ಡ ಡಾಕ್ಟರು ಕರೆಸಿ, "ಓದಿ ಪಾಸಾದ್ರೆ ಎಕ್ಸ್‌ರೇ ಕೋಣೆ, ಇಲ್ದಿದ್ರೆ ಬಟ್ಟೆ ಕೋಣೆ. ನೀವೇ ನೋಡಿ" ಎಂದಿದ್ದರು. ಬಟ್ಟೆ ಕೋಣೆ ಎಂದರೆ ವಾರ್ಡುಗಳ ಹಾಸಿಗೆ ಚಾದರ ಎಣಿಸಿ ಮಡಚುವ ಕೆಲಸ. ಅಕ್ಕ ಓದು ಆರಿಸಿಕೊಂಡರು.

ಮೊದಲ ಸಲ ಬಾಯಿ ಒಣಗಿ ಮಾತೇ ಹೊರಡಲಿಲ್ಲವಂತೆ. ಎರಡನೆಯ ಸಲ ಆದದ್ದು ಬೇರೆ. ಕೊಟ್ಟ ಮೂಳೆಗಳಿಗೆಲ್ಲ ಸರಿಯಾದ ಉತ್ತರ ಹೇಳಿದ್ದರು. ಪರೀಕ್ಷಕರು ಪ್ರತಿ ಸಲವೂ ಹುಬ್ಬೇರಿಸಿ "ಹೌದಾ?" ಅನ್ನುತ್ತಿದ್ದಂತೆ ಇವರು ಹೆದರಿ ಉತ್ತರ ಬದಲಿಸಿದ್ದರು.

"ದೊಡ್ಡವರು ಕೇಳ್ತಾರೆ ಅಂದ್ರೆ ನಂದೇ ತಪ್ಪಿರ್ಬೇಕು ಅನ್ನಿಸ್ತು ಕಣೋ. ಕೈಯಲ್ಲಿದ್ದ ತುತ್ತು ಬಾಯಿಗೆ ಬರ್ಲಿಲ್ಲ" ಎಂದು ನನಗೆ ಹೇಳಿದ್ದರು.

ಈ ರೋಗಕ್ಕೆ ಮದ್ದು ಮಾಡಿದ್ದು ಒಂಬತ್ತನೇ ತರಗತಿಯ ಮಗಳು. ಒಂದು ಭಾನುವಾರ ನೋಟ್ಸ್ ಕೊಡಲು ಅವರ ಮನೆಗೆ ಹೋಗಿದ್ದೆ. ಬಸ್ ಮೆಕ್ಯಾನಿಕ್ ಆದ ಗಂಡ ಹೊಸ್ತಿಲ ಬಳಿ ಕೂತು ಉಗುರಿನ ಗ್ರೀಸ್ ಕೆರೆಯುತ್ತಿದ್ದರು. ಅಡುಗೆಮನೆಯಲ್ಲಿ ತಾಯಿ ಬಟಾಣಿ ಸುಲಿಯುತ್ತಿದ್ದರೆ ಮಗಳು ಪುಸ್ತಕ ಹಿಡಿದು ನಿಂತಿದ್ದಳು.

"ತಲೆಬುರುಡೆಯಲ್ಲಿ ಎಷ್ಟು ಮೂಳೆ?"

"ಇಪ್ಪತ್ತೆರಡು. ಮಿದುಳಿನ ಡಬ್ಬಿಗೆ ಎಂಟು, ಮುಖಕ್ಕೆ ಹದಿನಾಲ್ಕು."

"ಹೌದಾ?"

"ಹೌ... ಹೌದು."

"ತಡವರಿಸಿದೆ ಅಮ್ಮ. ಇನ್ನೊಂದ್ಸಲ. ಮುಖದಲ್ಲಿ ಅಲ್ಲಾಡೋ ಮೂಳೆ ಯಾವ್ದು?"

"ಕೆಳದವಡೆ. ಅದೊಂದೇ."

ಹೊಸ್ತಿಲಿಂದ ಗಂಡ, "ನಮ್ಮನೇಲಿ ಅದಕ್ಕೆ ರಜೆಯೇ ಇಲ್ಲ" ಅಂದರು.

"ನಿಮ್ಮ ಗೊರಕೆಗೂ ಇಲ್ಲ" ಎಂದು ಅಕ್ಕ ಬಟಾಣಿ ಸಿಪ್ಪೆಯನ್ನು ಅತ್ತ ಎಸೆದರು.

ಕಾಲೇಜಿನಲ್ಲಿ ಬಿಡಿಬಿಡಿ ಮೂಳೆಗಳ ಒಂದು ಮರದ ಪೆಟ್ಟಿಗೆ ಇತ್ತು. ಕಳೆದ ರಜೆಯಲ್ಲಿ ಮೂಳೆಗಳನ್ನು ತೊಳೆದು, ಅಳಿಸಿಹೋಗಿದ್ದ ಗುರುತುಗಳನ್ನು ಕೆಂಪು ಬಣ್ಣದಲ್ಲಿ ಹೊಸದಾಗಿ ಬರೆಸಿದ್ದರು. 'ಬ' ಎಂದರೆ ಬಲ, 'ಎ' ಎಂದರೆ ಎಡ. ನಾವು ಆ ಅಕ್ಷರಗಳನ್ನೇ ಓದಿಕೊಂಡೆವು. ಮೂಳೆ ಕೈಗೆ ಬಂದ ಕೂಡಲೇ ಕೆಂಪು ಅಕ್ಷರ ಹುಡುಕುವುದು, ಹೇಳುವುದು. ಊರಿನ ಶಾಲೆಯಲ್ಲಿ ಮಗ್ಗಿ ಉರು ಹೊಡೆದು ಬಂದ ನನಗೆ ಇದು ಸುಲಭವಾಗಿಯೇ ಇತ್ತು. ಅಕ್ಕ ಮಾತ್ರ ಅಕ್ಷರದ ಕಡೆ ನೋಡದೆ, ಕಣ್ಣು ಮುಚ್ಚಿ ಮೂಳೆಯನ್ನು ಬೆರಳುಗಳ ನಡುವೆ ತಿರುಗಿಸುತ್ತ ಕೂರುತ್ತಿದ್ದರು.

"ಅಕ್ಕಾ, ಧ್ಯಾನಕ್ಕೆ ಕೂತ್ರಾ?" ಎಂದು ಹಿಂದಿನ ಬೆಂಚಿನವರು ಕಿಚಾಯಿಸುತ್ತಿದ್ದರು.

"ಹ್ಞೂಂ, ನಿಮಗೂ ಬುದ್ಧಿ ಬರ್ಲಿ ಅಂತ."

ಪರೀಕ್ಷೆಯ ದಿನ ಹೊರಗಿನಿಂದ ಬಂದ ಪರೀಕ್ಷಕಿ ಕಿಟಕಿ ಪಕ್ಕದ ಮೇಜಿಗೆ ಕೂತರು. ಬಗಲಲ್ಲಿ ನಮ್ಮ ಮೇಷ್ಟ್ರು. ಮೇಜಿನ ಮೇಲೆ ಅದೇ ಪೆಟ್ಟಿಗೆಯ ಮೂಳೆಗಳು, ಕೆಂಪು ಅಕ್ಷರಗಳನ್ನು ಯಾರೂ ಅಳಿಸಿರಲಿಲ್ಲ. ಮುಗಿಸಿದವರು ಹೊರಗೆ ಹೋಗಿ ಪ್ರಶ್ನೆ ಹೇಳಿಬಿಡಬಾರದೆಂದು ಹಿಂದಿನ ಬೆಂಚುಗಳಲ್ಲೇ ಕೂರಿಸಿದ್ದರು. ನಾನು ಒಂಬತ್ತನೆಯವನಾಗಿ ಮುಗಿಸಿ ಕೂತಿದ್ದೆ. ಕೆನ್ನೆಮೂಳೆ ಕೊಟ್ಟಿದ್ದರು, ಕೆಂಪು 'ಬ' ಕಂಡಿತ್ತು, "ಬಲಗಡೆಯದು" ಅಂದಿದ್ದೆ, ಅವರು ಮೇಷ್ಟ್ರು ಕೊಟ್ಟಿದ್ದ ಉತ್ತರಗಳ ಪಟ್ಟಿ ನೋಡಿ ಗುರುತು ಹಾಕಿದ್ದರು.

ಹದಿನಾಲ್ಕನೆಯವರು ಅಕ್ಕ. ಅದೇ ಮೂಳೆ ಅವರ ಕೈಗೆ ಬಂತು. ಅಕ್ಕ ಕಣ್ಣು ಮುಚ್ಚಿದರು.

"ಕೆನ್ನೆಮೂಳೆ ಮೇಡಂ. ಝೈಗೋಮ್ಯಾಟಿಕ್. ಎಡಗಡೆಯದು."

ಬೆಂಚಿನಲ್ಲಿ ಯಾರೋ "ಅಯ್ಯೋ" ಎಂದು ಉಸಿರುಬಿಟ್ಟರು. ಅಕ್ಕನ ಕಥೆ ಮುಗಿಯಿತು ಎಂದು ನಾನೂ ಅಂದುಕೊಂಡೆ.

ಪರೀಕ್ಷಕಿ ಪಟ್ಟಿ ನೋಡಿ, "ಹೌದಾ?" ಅಂದರು.

ಅಕ್ಕ ಕಣ್ಣು ಬಿಟ್ಟರು. ಆಗ ಅವರಿಗೂ ಕೆಂಪು 'ಬ' ಕಂಡಿತು. ಅವರ ಹೆಗಲು ಕುಸಿದದ್ದು ನನಗೆ ಹಿಂದಿನ ಬೆಂಚಿನಿಂದಲೇ ಕಂಡಿತು. ಮೂಳೆಯನ್ನು ಇನ್ನೊಮ್ಮೆ ತಿರುಗಿಸಿದರು.

"ನೋಡ್ಕೊಂಡು ಹೇಳೀಮ್ಮ, ಅವಸರ ಇಲ್ಲ" ಎಂದು ಮೇಷ್ಟ್ರು ಮೆಲ್ಲಗೆ ಸೂಚನೆ ಕೊಟ್ಟರು. ಪಾಪ, ಉಪಕಾರ ಮಾಡುತ್ತಿದ್ದೇನೆ ಎಂದೇ ಅವರ ಎಣಿಕೆ.

"ಎಡಗಡೆಯದೇ ಸರ್" ಎಂದರು ಅಕ್ಕ. ದನಿ ನಡುಗುತ್ತಿತ್ತು, ಮಾತು ನಡುಗಲಿಲ್ಲ. "ಬರೆದಿರೋದು ತಪ್ಪು."

"ಹೇಗೆ ಹೇಳ್ತೀರಿ?" ಪರೀಕ್ಷಕಿ ಪೆನ್ನು ಕೆಳಗಿಟ್ಟರು.

ಅಕ್ಕ ಮೂಳೆಯನ್ನು ತಮ್ಮ ಎಡಗೆನ್ನೆಗೆ ಹಿಡಿದರು. "ಉಬ್ಬಿರೋ ಮೈ ಹೊರಗೆ. ಈ ಕೊಂಬು ಮೇಲಕ್ಕೆ, ಹುಬ್ಬಿನ ಕೊನೆ ಮುಟ್ಟುತ್ತೆ. ಈ ನುಣುಪು ಬಳುಕು ಕಣ್ಣಿನ ಗುಂಡಿಯ ಅಂಚು. ಈ ಬಾಲ ಕಿವಿ ಕಡೆ ಹೋಗುತ್ತೆ, ಸರಿ ಅಲ್ವಾ ಮೇಡಂ? ಈಗ ಬಲಕ್ಕೆ ಇಡ್ತೀನಿ ನೋಡಿ." ಬಲಗೆನ್ನೆಗೆ ಇಟ್ಟರು. "ಉಬ್ಬು ಹೊರಗೆ, ಕೊಂಬು ಮೇಲೆ. ಬಾಲ ಎಲ್ಲಿ ಹೋಯ್ತು? ಮೂಗಿಗೆ. ಹೀಗೆ ಹುಟ್ಟಿದೋರನ್ನ ನಾನಂತೂ ನೋಡಿಲ್ಲ."

ಪರೀಕ್ಷಕಿ ಕೈ ಚಾಚಿ ಮೂಳೆ ತೆಗೆದುಕೊಂಡು ತಮ್ಮ ಕೆನ್ನೆಗೇ ಹಿಡಿದು ನೋಡಿದರು. ಮೊದಲು ಬಲ, ಆಮೇಲೆ ಎಡ. ಪೆಟ್ಟಿಗೆಯಿಂದ ಅದರ ಜೋಡಿಯನ್ನೂ ತೆಗೆಸಿ ನೋಡಿದರು. ಎರಡರ ಅಕ್ಷರವೂ ಅದಲುಬದಲಾಗಿತ್ತು.

"ಇದುವರೆಗೆ ಹದಿಮೂರು ಜನ ಬಲ ಅಂದ್ರು. ನಾನೂ ಪಟ್ಟಿ ನೋಡಿ ಮಾರ್ಕ್ಸ್ ಕೊಟ್ಟೆ" ಎಂದು ಅವರು ಮೇಷ್ಟ್ರ ಕಡೆ ನೋಡಿದರು. ಮೇಷ್ಟ್ರು ಕನ್ನಡಕ ತೆಗೆದು ಒರೆಸತೊಡಗಿದರು. ಆಮೇಲೆ ನಿಧಾನವಾಗಿ, "ನಾನು ಬಣ್ಣ ನೋಡಿದೆ ಮೇಡಂ, ಮೂಳೆ ನೋಡ್ಲಿಲ್ಲ" ಅಂದರು. ಆ ಮಾತಿಗೆ ಅವರ ಮೇಲಿನ ಗೌರವ ನನಗೆ ಹೆಚ್ಚಾಯಿತು.

ಮೇಜಿನ ಮೇಲಿದ್ದ ಅಷ್ಟೂ ಮೂಳೆಗಳ ಅಕ್ಷರಗಳನ್ನು ಸ್ಪಿರಿಟ್ ಹತ್ತಿಯಿಂದ ಅಳಿಸಿದರು. ಹದಿಮೂರು ಜನರೂ ಮತ್ತೊಮ್ಮೆ ಮೇಜಿನ ಮುಂದೆ ನಿಲ್ಲಬೇಕಾಯಿತು. ನನಗೆ ಮೇಲ್ದವಡೆಯ ಒಂದು ಅರ್ಧ ಸಿಕ್ಕಿತು. ಅಕ್ಷರವಿಲ್ಲದ ಮೂಳೆ ಹಿಡಿದಾಗ ಕೈ ಖಾಲಿ ಅನ್ನಿಸಿತು. ಹಲ್ಲಿನ ಸಾಲನ್ನು ನನ್ನ ಹಲ್ಲಿಗೆ ಹೋಲಿಸಿ, ಬೆವರಿ, ಹೇಗೋ ಸರಿ ಹೇಳಿದೆ. ನಾಲ್ವರು ತಪ್ಪು ಹೇಳಿ ಫೇಲಾದರು.

ಕಾರಿಡಾರಿನಲ್ಲಿ ಅವರೆಲ್ಲ ಅಕ್ಕನನ್ನು ಮುತ್ತಿದರು.

"ನೀವು ಸುಮ್ನೆ ಬಲ ಅಂದಿದ್ರೆ ನಿಮ್ಮ ಗಂಟೇನು ಹೋಗ್ತಿತ್ತಕ್ಕಾ? ನಮ್ಮ ಹೊಟ್ಟೆಗೆ ಕಲ್ಲು ಹಾಕಿದ್ರಲ್ಲ!"

"ನಾಳೆ ನಿನ್ನ ಮುಂದೆ ಒಬ್ಬ ಮುಖ ಒಡೆದುಕೊಂಡು ಬರ್ತಾನೆ" ಎಂದರು ಅಕ್ಕ. "ಅವನ ಕೆನ್ನೆ ಮೇಲೆ ಯಾರು ಬರೆದಿರ್ತಾರಪ್ಪ? ಬೈದಿದ್ದು ಸಾಕು, ಮರುಪರೀಕ್ಷೆ ಮುಂದಿನ ತಿಂಗಳು. ನಾಳೆ ಬೆಳಗ್ಗೆ ಏಳಕ್ಕೆ ನಾಲ್ಕೂ ಜನ ಬನ್ನಿ, ಹೇಳಿಕೊಡ್ತೀನಿ."

ಬಂದದ್ದು ಮೂವರು. ಆ ಮೂವರೂ ಪಾಸಾದರು.

ಅಕ್ಕನಿಗೆ ನೂರಕ್ಕೆ ಅರವತ್ತೆರಡು ಬಂತು. ಫಲಿತಾಂಶದ ಮಾರನೆಯ ವಾರ ಅವರನ್ನು ಎರಡನೇ ಎಕ್ಸ್‌ರೇ ಕೋಣೆಗೆ ಹಾಕಿದ ಆದೇಶ ಬಂತು. ನಾನು ಅದೇ ಕೋಣೆಯಲ್ಲಿ ತರಬೇತಿಗೆ ನಿಂತಿದ್ದೆ. ಏಣಿಯಿಂದ ಬಿದ್ದು ಕೆನ್ನೆ ಊದಿಸಿಕೊಂಡ ಪೇಂಟರ್ ಒಬ್ಬರು ಮೊದಲ ರೋಗಿ. ಅಕ್ಕ ಅವರ ಗದ್ದವನ್ನು ಎರಡು ಬೆರಳಲ್ಲಿ ಎತ್ತಿ ಪ್ಲೇಟಿಗೆ ತಾಗಿಸಿದರು, ಮೂಗು ಪ್ಲೇಟಿನಿಂದ ತುಸು ಹಿಂದೆ ನಿಲ್ಲುವಂತೆ.

"ಗದ್ದ ಇಳಿಸ್ಬೇಡಿ ಯಜಮಾನ್ರೇ, ಕಿವಿ ಹಿಂದಿನ ಮೂಳೆ ಬಂದು ಕೆನ್ನೆ ಮೇಲೆ ನೆರಳು ಹಾಕುತ್ತೆ. ಹಾಂ, ಹಾಗೇ. ಉಸಿರು ಹಿಡೀರಿ."

ಗುಂಡಿ ಒತ್ತಿದರು. ಚಿತ್ರ ಒಂದೇ ಸಲಕ್ಕೆ ಸರಿಯಾಗಿ ಬಂತು.