ಬದುವಿನ ಲಿಂಬಿ ಗಿಡ

ಬೋಳು ಮರದ ಚಿತ್ರ ಬರೆದರೆ ನೋಡುವವನ ಮನಸ್ಸು ಬದಲಾದೀತು, ಮರ ಬದಲಾಗದು ಎಂದು ನಂಬಿದ್ದವನು ನಾನು. ಈಗಲೂ ಹಾಗೇ ಹೇಳುತ್ತೇನೆ, ಮೊದಲಿನಷ್ಟು ಗಟ್ಟಿಯಾಗಿ ಅಲ್ಲ.

ಕೆಲವು ವರ್ಷಗಳ ಹಿಂದಿನ ಮಾತು. ಇಂಡಿ ಹತ್ತಿರ ನನ್ನ ಅತ್ತೆಯ ಲಿಂಬೆ ತೋಟವಿದೆ. ನಮ್ಮ ಕಡೆ ಲಿಂಬೆಗೆ ಕೆಲವು ವಾರ ನೀರು ನಿಲ್ಲಿಸಿ ಎಲೆ ಉದುರಿಸುತ್ತಾರೆ. ಆಮೇಲೆ ನೀರು ಬಿಟ್ಟರೆ ಒಮ್ಮೆಗೇ ಹೂವು. ಹದ ತಪ್ಪಿದರೆ ಗಿಡವೇ ಹೋಗುತ್ತದೆ. ಹಾಗೆ ಬೋಳಾಗಿ ನಿಂತ ಸಾಲನ್ನು ಅಲ್ಲೇ ಕೂತು ಬರೆದೆ. ಬೂದು ಆಕಾಶ, ಕಪ್ಪು ಕೊಂಬೆ. ಇದು ಕಾಯುವಿಕೆಯ ಚಿತ್ರ ಎಂದು ಅತ್ತೆಗೆ ವಿವರಿಸಿದೆ.

"ಕಾಯೂದು ಎಲ್ಲೈತ್ರಿ ಅಳಿಯಂದ್ರ? ಒಣಗಿದ್ದಷ್ಟ ಬರದೀರಿ," ಎಂದರು ಅವರು.

ಆ ಸಲ ನೀರು ಬಿಟ್ಟರೂ ಹೂವು ಬರಲಿಲ್ಲ. ಪಕ್ಕದ ತೋಟಗಳೆಲ್ಲ ಘಮಘಮ. ಅತ್ತೆ ದಿನಾ ಕೊಂಬೆ ಮುಟ್ಟಿ ನೋಡಿ ಬರುತ್ತಿದ್ದರು, ಸರಿಯಾಗಿ ಉಣ್ಣುತ್ತಿರಲಿಲ್ಲ. ನಾನು ಹೋದಾಗ ತಲೆ ತಗ್ಗಿಸಿ, "ಸಿಟ್ಟಾಗಬ್ಯಾಡ್ರಿ. ಆ ಚಿತ್ರದಾಗ ಒಂದೀಟು ಹೂವ ಬಿಡಸ್ರಿ," ಎಂದರು. ನಾನು ನಕ್ಕೆ. ಓದಿದವನಲ್ಲವೆ.

ಸಿಂದಗಿಯ ನಮ್ಮ ಮನೆಗೆ ಮರಳಿದ ಸಂಜೆ, ಯಾರೂ ಇಲ್ಲದ್ದು ನೋಡಿ ಆ ಚಿತ್ರ ತೆಗೆದು ಬಿಳಿ ಬಣ್ಣ ಕಲಸಿ ಕೂತೆ. ಕಳ್ಳನ ಹಾಗೆ. ಗಿಡಗಿಡಕ್ಕೂ ಚುಕ್ಕಿ ಇಡುತ್ತ ಹೋದೆ. ಬದುವಿನ ಮೇಲಿನ ಗಿಡವೊಂದು ಉಳಿದಿತ್ತು, ಅಷ್ಟರಲ್ಲಿ ಹೆಂಡತಿ ಬಾಗಿಲಲ್ಲಿ ಬಂದು ನಿಂತಳು. "ಏನ್ರಿ, ಲಿಂಬಿಗೆ ಔಷಧ ಹೊಡ್ಯಾಕತ್ತೀರೇನು?" ಎಂದು ನಕ್ಕಳು. ಆ ಗಿಡ ಹಾಗೇ ಬಿಟ್ಟು ಕುಂಚ ಕೆಳಗಿಟ್ಟೆ. ಚಿತ್ರವನ್ನು ಗೋಡೆಗೆ ತಿರುಗಿಸಿಟ್ಟೆ.

ಆ ವಾರವೇ ಅತ್ತೆಯ ಫೋನು ಬಂತು. "ತ್ವಾಟ ಬೆಳ್ಳಗಾಗೈತ್ರಿ! ಬದುವಿನ ಗಿಡ ಒಂದ ಬಿಟ್ಟು."

ಆ ಬದುವಿಗೆ ನೀರು ಏರುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಚಿತ್ರದಲ್ಲಿ ಹೂವಿಡದೆ ಉಳಿಸಿದ್ದು ನಿಜವಾಗಿ ಅದೇ ಗಿಡವೋ, ಆ ಫೋನಿನ ನಂತರ ನೆನಪು ಹಾಗೆ ಹೊಂದಿಸಿಕೊಂಡಿತೋ, ಅದೂ ಖಾತ್ರಿಯಿಲ್ಲ. ಚಿತ್ರ ತಿರುಗಿಸಿದರೆ ಗೊತ್ತಾಗುತ್ತದೆ. ಧೈರ್ಯವಾಗಿಲ್ಲ. ಹೂವು ಬರೆದದ್ದನ್ನು ಅತ್ತೆಗೂ ಹೇಳಿಲ್ಲ. ನಂಬಿದೆನೆಂದರೆ ನನಗೆ ನಾಚಿಕೆ, ನಂಬಲಿಲ್ಲವೆಂದರೆ ಸುಳ್ಳು.

ಮೊನ್ನೆ ಅವರು, "ಬದುವಿನ ಗಿಡ ಈ ವರ್ಷಾನೂ ಹಂಗ ನಿಂತೈತ್ರಿ. ಕಡಸಿಬಿಡ್ತೇನಿ," ಎಂದರು.

"ಒಂದೀಟು ತಡೀರಿ," ಎಂದೆ.

ಯಾಕೆಂದು ಅವರು ಕೇಳಲಿಲ್ಲ. "ತಡೀತೇನಿ ತಗೋರಿ," ಎಂದರು, ಮೆತ್ತಗೆ.

ಬಿಳಿ ಬಣ್ಣ ತಂದಿಟ್ಟಿದ್ದೇನೆ. ಚಿತ್ರ ಇನ್ನೂ ಗೋಡೆಯ ಕಡೆಗೇ ಇದೆ.