ಒಪ್ಪತ್ತು ಎಂದರೆ ಯಾವ ಹೊತ್ತು?

ಶ್ರಾವಣ ಸೋಮವಾರಗಳಲ್ಲಿ ನನ್ನ ಭಕ್ತಿ ಶಿವನಿಗಿಂತ ಗೋಡೆ ಗಡಿಯಾರದ ಮೇಲೇ ಹೆಚ್ಚು ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಒಂದು ಬಾಳೆಹಣ್ಣು ತಿಂದು ಶಾಲೆಯ ಗೇಟು ದಾಟುವವರೆಗೆ ನಾನು ಪರಮ ಶಿವಭಕ್ತ. ಹತ್ತೂವರೆಯ ಹೊತ್ತಿಗೆ ಭಕ್ತಿ ಇಳಿಯತೊಡಗುತ್ತದೆ. ಹನ್ನೆರಡಕ್ಕೆ ಮಕ್ಕಳು ಬರೆದ ಅಕ್ಷರಗಳೆಲ್ಲ ಜಿಲೇಬಿಯ ಹಾಗೆ ಕಾಣುತ್ತವೆ. ಒಂದು ಗಂಟೆಗೆ ಮನೆಗೆ ಓಡಿ ಅನ್ನ, ಸಾರು, ಪಲ್ಯ, ಹೆಸರುಬೇಳೆ ಪಾಯಸದ ಮುಂದೆ ಕೂತಾಗಲೇ ಮತ್ತೆ ದೇವರ ನೆನಪು. ಹೆಂಡತಿ ಇದಕ್ಕೆ ‘ಒಂದು ಗಂಟೆ ವ್ರತ’ ಎಂದು ಹೆಸರಿಟ್ಟಿದ್ದಾಳೆ.

ನಿಜವಾದ ಹೆಸರು ಒಪ್ಪತ್ತು. ದಿನಕ್ಕೆ ಒಂದೇ ಊಟ. ಒಂದು ‘ಪೊತ್ತು’ ಸೇರಿ ಒಪ್ಪೊತ್ತು, ಅದು ನಾಲಿಗೆಯ ಮೇಲೆ ಸವೆದು ಒಪ್ಪತ್ತು. ಪೊತ್ತು ಎಂದರೆ ಹಳಗನ್ನಡದಲ್ಲಿ ಸೂರ್ಯನೂ ಹೌದು, ಸಮಯವೂ ಹೌದು. ಶಿಕಾರಿಪುರದ ಹೈಸ್ಕೂಲಿನಲ್ಲಿ ಇಪ್ಪತ್ತಾರು ವರ್ಷ ಕನ್ನಡ ಕಲಿಸಿದವನಿಗೆ ಇಷ್ಟೂ ಗೊತ್ತಿರದಿದ್ದರೆ ಹೇಗೆ? ಉಳಿದ ಹೊತ್ತಿಗೆ ಫಲಾಹಾರ. ಅದರಲ್ಲಿ ಫಲ ಒಂದು ಬಿಟ್ಟು ಎಲ್ಲವೂ ಇರುತ್ತದೆ. ಅನ್ನವಾದರೆ ಕೆಡುವ ವ್ರತ ಅದೇ ಅಕ್ಕಿ ಅವಲಕ್ಕಿಯಾದರೆ ಯಾಕೆ ಕೆಡುವುದಿಲ್ಲ ಎಂದು ಚಿಕ್ಕಂದಿನಲ್ಲಿ ಕೇಳಿ ಅವ್ವನಿಂದ ತಲೆಗೆ ಮೊಟಕಿಸಿಕೊಂಡಿದ್ದೆ. ಆಮೇಲೆ ಒಪ್ಪತ್ತಿನ ಬಗ್ಗೆ ನನಗೆ ಯಾವ ಸಂಶಯವೂ ಹುಟ್ಟಲಿಲ್ಲ. ಹೋದ ವರ್ಷದವರೆಗೆ.

ಹೋದ ವರ್ಷ ಶ್ರಾವಣ ಹಿಡಿಯುವ ಮುಂಚೆ ನನ್ನ ಅಕ್ಕ ಗೌರಕ್ಕನಿಗೆ ಸಕ್ಕರೆ ಕಾಯಿಲೆ ಏರಿತ್ತು. ಅವಳನ್ನು ಕೊಟ್ಟಿದ್ದು ಸೊರಬ ತಾಲ್ಲೂಕಿನ ಜಡೆಗೆ. ಮದುವೆಯಾಗಿ ಮೂವತ್ತು ವರ್ಷ ದಾಟಿದೆ. ನಮ್ಮೂರಿಗೆ ಕರೆಸಿಕೊಂಡು ಡಾಕ್ಟರಿಗೆ ತೋರಿಸಿದೆ. ಹೊರಗಿನಿಂದ ಬಂದ ಹುಡುಗ ಡಾಕ್ಟರು. ಹೊಸ ಮಾತ್ರೆ ಬರೆಯುತ್ತ, “ಉಪವಾಸ ಗಿಪವಾಸ ಇದೆಯೇನಮ್ಮ?” ಎಂದರು.

“ಸೋಮವಾರ ಒಪ್ಪತ್ತು ಸಾರ್,” ಎಂದಳು ಅಕ್ಕ.

ಡಾಕ್ಟರು ನನ್ನ ಮುಖ ನೋಡಿದರು. ಯಾರಾದರೂ ಒಂದು ಕನ್ನಡ ಶಬ್ದ ಗೊತ್ತಿಲ್ಲದೆ ನನ್ನ ಮುಖ ನೋಡಿದರೆ ನನಗೆ ಮೈಮೇಲೆ ಬಂದ ಹಾಗಾಗುತ್ತದೆ. ಪೊತ್ತಿನಿಂದ ಶುರು ಮಾಡಿ ಒಪ್ಪತ್ತಿನವರೆಗೆ ವಿವರಿಸಿದೆ. “ಗಾಬರಿ ಬೇಡ ಸಾರ್. ಬೆಳಿಗ್ಗೆ ಸ್ವಲ್ಪ ಹಣ್ಣು, ಮಧ್ಯಾಹ್ನ ಪೂರ್ತಿ ಊಟ,” ಎಂದು ಮುಗಿಸಿದೆ. “ಮಧ್ಯಾಹ್ನ ಊಟ ಆಗೋದಾದ್ರೆ ತೊಂದರೆ ಇಲ್ಲ. ಬೆಳಗಿನ ಮಾತ್ರೆ ಮಾತ್ರ ಬಿಡಬೇಡಿ,” ಎಂದರು ಅವರು. ಅಕ್ಕ ಸೆರಗು ಸರಿಮಾಡಿಕೊಂಡು ಸುಮ್ಮನೆ ಕೂತಿದ್ದಳು.

ಮೊದಲನೇ ಸೋಮವಾರ ಬಂತು. ಹನ್ನೆರಡೂ ಮುಕ್ಕಾಲಿಗೆ ಸ್ಟಾಫ್ ರೂಮಿನಲ್ಲಿ ಚಪ್ಪಲಿ ಹಾಕಿಕೊಂಡು ಸಿದ್ಧನಾಗಿದ್ದೆ. ವಿಜ್ಞಾನದ ಗಿರಿಜಾ ಮೇಡಂ, ಸೊರಬ ಕಡೆಯ ಉಳವಿಯವರು, ಡಬ್ಬಿ ತೆರೆಯದೆ ಪತ್ರಿಕೆ ತಿದ್ದುತ್ತಿದ್ದರು.

“ಯಾಕ್ರೀ ಮೇಡಂ, ಒಪ್ಪತ್ತಲ್ಲೇನು? ಊಟದ ಹೊತ್ತಾತಲ್ಲ,” ಎಂದೆ.

“ಈಗೆಲ್ಲಿ ಊಟ ಸಾರ್? ಸಂಜೆ ದೀಪ ಹಚ್ಚಿದ ಮೇಲೇ. ಅಲ್ಲೀತನಕ ಬರೀ ನೀರು. ನಮ್ಮ ಕಡೆ ಒಪ್ಪತ್ತು ಅಂದ್ರೆ ಅದೇ ಅಲ್ವಾ?”

“ನಿಮ್ಮ ಕಡೆ ಅಂದ್ರೆ? ಜಡೆಯಲ್ಲೂ?”

“ನಮ್ಮ ಚಿಕ್ಕಮ್ಮನ ಮನೆ ಜಡೆನೇ ಸಾರ್. ಅಲ್ಲೂ ಹಂಗೇ.”

ನನ್ನ ಹೊಟ್ಟೆಯಲ್ಲಿದ್ದ ಹಸಿವು ಎಲ್ಲಿ ಹೋಯಿತೋ ತಿಳಿಯಲಿಲ್ಲ. ಬೆಳಿಗ್ಗೆ ಏಳಕ್ಕೆ ಮಾತ್ರೆ ನುಂಗಿದವಳು ಸಂಜೆ ಏಳರವರೆಗೆ ಖಾಲಿ ಹೊಟ್ಟೆಯಲ್ಲಿರುತ್ತಾಳೆ, ಅದೂ ನಾನು ಕೊಡಿಸಿದ ಅಪ್ಪಣೆಯ ಮೇಲೆ. ಫೋನ್ ಮಾಡಿದೆ. ರಿಂಗ್ ಆಯಿತು, ಎತ್ತಲಿಲ್ಲ. ಭಾವನಿಗೆ ಮಾಡಿದೆ. ಅವರು ಗದ್ದೆಗೆ ಹೋದರೆ ಫೋನನ್ನು ಟಿ.ವಿ. ಮೇಲೆ ಮಲಗಿಸಿ ಹೋಗುವವರು. ಅಕ್ಕಪಕ್ಕದ ಮನೆಯವರ ನಂಬರು? ಮೂವತ್ತು ವರ್ಷದಲ್ಲಿ ಒಂದನ್ನೂ ಬರೆದಿಟ್ಟುಕೊಂಡಿರಲಿಲ್ಲ. ಡಾಕ್ಟರಿಗೆ ಮಾಡಿದೆ. “ಸಕ್ಕರೆ ತೀರಾ ಇಳಿದ್ರೆ ಎಚ್ಚರ ತಪ್ಪಬಹುದು, ಜೀವಕ್ಕೇ ಅಪಾಯ. ಯಾರಾದ್ರೂ ಬೇಗ ಹೋಗಿ ಸಕ್ಕರೆ ನೀರು ಕುಡಿಸ್ಲಿ,” ಎಂದರು. ಆ ‘ಯಾರಾದರೂ’ ನಾನೇ ಎಂದುಕೊಂಡು ಸ್ಕೂಟರ್ ಹತ್ತಿದೆ.

ಶಿರಾಳಕೊಪ್ಪ ಇಷ್ಟು ದೂರ ಇದೆ ಎಂದು ನನಗೆ ಅವತ್ತೇ ಗೊತ್ತಾಗಿದ್ದು. ಪೇಟೆಯಲ್ಲಿ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿಯ ವಾಸನೆ ಮೂಗಿಗೆ ಬಡಿದರೂ ಬಾಯಲ್ಲಿ ನೀರು ಬರಲಿಲ್ಲ, ಬಾಯಿ ಒಣಗಿತ್ತು. ಗಾಡಿ ನಿಲ್ಲಿಸಿ ಇನ್ನೊಮ್ಮೆ ಫೋನ್ ಮಾಡಿದೆ. ಆನವಟ್ಟಿಯಲ್ಲಿ ಮತ್ತೊಮ್ಮೆ. ರಿಂಗ್ ಆಗುತ್ತಲೇ ಇತ್ತು. ಶಿವನಿಗೆ ಏನೇನೋ ಹರಕೆ ಹೊತ್ತೆ. ಹೊರುತ್ತಲೇ ಬೈದೆ ಕೂಡ. ನಿಜ ಹೇಳಬೇಕೆಂದರೆ ಬೈದುಕೊಂಡಿದ್ದು ನನ್ನನ್ನೇ. ಒಂದು ಹೊತ್ತು ಎಂದರೆ ಒಂದು ಹೊತ್ತು ಎಂದು ಬಿಡಿಸಿ ಹೇಳಿದ ಪಂಡಿತ, ಯಾವ ಹೊತ್ತು ಎಂದು ಪಕ್ಕದಲ್ಲೇ ಕೂತವಳನ್ನು ಒಂದು ಮಾತು ಕೇಳಿರಲಿಲ್ಲ.

ಬಾಗಿಲು ತೆರೆದೇ ಇತ್ತು. ಅಕ್ಕ ದೇವರ ಕೋಣೆಯ ಹೊಸ್ತಿಲ ಬಳಿ ಗೋಡೆಗೆ ಒರಗಿದ್ದಳು. ರವಿಕೆ ಬೆವರಿಗೆ ತೊಯ್ದಿತ್ತು, ಕೈ ನಡುಗುತ್ತಿತ್ತು. ಮಡಿಲಲ್ಲಿ ಅರ್ಧ ಆರಿಸಿದ ಬಿಲ್ವಪತ್ರೆ. “ಅಕ್ಕಾ” ಎಂದರೆ ಕಣ್ಣು ಬಿಟ್ಟಳು, ಆದರೆ ನನ್ನನ್ನು ನೋಡಿದ ಹಾಗಿರಲಿಲ್ಲ. ಅಡುಗೆಮನೆಗೆ ನುಗ್ಗಿದೆ. ಮೊದಲ ಡಬ್ಬಿಯಲ್ಲಿ ರವೆ. ಎರಡನೆಯದರಲ್ಲಿ ಉಪ್ಪು. ಆರನೆಯದರಲ್ಲೋ ಏಳನೆಯದರಲ್ಲೋ ಸಕ್ಕರೆ ಸಿಕ್ಕಿತು. ಲೋಟಕ್ಕೆ ಸುರಿದು, ನೀರು ಹಾಕಿ ಬೆರಳಲ್ಲೇ ಕದಡಿ ತುಟಿಗೆ ಹಿಡಿದರೆ ಅವಳು ಮುಖ ತಿರುಗಿಸಿದಳು.

“ಬ್ಯಾಡೋ... ದೀಪ ಹಚ್ಚಿಲ್ಲ.”

ಎಚ್ಚರ ತಪ್ಪುತ್ತಿರುವವಳಿಗೆ ವ್ರತದ ಎಚ್ಚರ ಮಾತ್ರ ಪೂರ್ತಿ ಇತ್ತು. ವಾದ ಮಾಡುವಷ್ಟು ಸಮಯವಿರಲಿಲ್ಲ. ಕಡ್ಡಿ ಗೀರಿದೆ, ಎರಡು ಕಡ್ಡಿ ಮುರಿದವು, ಮೂರನೆಯದಕ್ಕೆ ದೀಪ ಹತ್ತಿತು. ಮಧ್ಯಾಹ್ನ ಎರಡು ಗಂಟೆ ದಾಟಿ ಹತ್ತು ನಿಮಿಷ. “ನೋಡಕ್ಕ, ಹಚ್ಚೀನಿ. ಕುಡಿ,” ಎಂದೆ. ಅವಳು ದೀಪದ ಕಡೆ ನೋಡಿ, ನಡುಗುವ ಕೈ ಜೋಡಿಸಿ, ಆಮೇಲೆ ಕುಡಿದಳು.

ಇನ್ನೊಂದು ಲೋಟ ಕುಡಿಸಿ, ಬಾಳೆಹಣ್ಣು ತಿನ್ನಿಸಿ, ಅವಳ ಮುಖವನ್ನೇ ನೋಡುತ್ತ ಕೂತೆ. ಕಾಲು ಗಂಟೆ ಹೋಗಿರಬೇಕು. ಬೆವರು ಆರಿತು. ಅಕ್ಕ ನೆಟ್ಟಗೆ ಕೂತು, ಕಿಟಕಿಯ ಬೆಳಕು ನೋಡಿ, ನನ್ನನ್ನು ನೋಡಿ, “ತಲಿ ಕೆಟ್ಟೈತೇನೋ ನಿಂಗೆ? ಹಾಡಹಗಲೇ ಸಂಜಿ ದೀಪ ಹಚ್ಚಿ ಕುಂತೀಯಲ್ಲ!” ಎಂದು ಬೈದಳು. ಬೈಗುಳ ಕೇಳಿ ನನಗೆ ಅಳು ಬಂತು, ಅತ್ತುಬಿಟ್ಟೆ.

“ಫೋನ್ ಯಾಕ ಎತ್ತಲಿಲ್ಲ?”

“ಬಡ್ಕಂತಾನೇ ಇತ್ತು. ಕೇಳಿಸ್ತಿತ್ತು. ಏಳಾಕೇ ಆಗ್ಲಿಲ್ಲ ಕಣೋ.”

“ಡಾಕ್ಟರ ಮುಂದ ಹೇಳಬೇಕಿತ್ತಲ್ಲ, ಸಂಜಿಗೆ ಉಣ್ಣೋದು ಅಂತ?”

“ನೀನು ಅಷ್ಟು ಚಂದ ಮಾತಾಡ್ತಿದ್ದಿ. ನಡುವೆ ಯಾಕೆ ಬಾಯಿ ಹಾಕ್ಲಿ ಅಂತ ಸುಮ್ನಾದೆ.”

ತವರಿನಲ್ಲಿ ಅವ್ವನ ಜೊತೆ ಮಧ್ಯಾಹ್ನವೇ ಉಣ್ಣುತ್ತಿದ್ದವಳು, ಮದುವೆಯಾದ ಮೊದಲ ಶ್ರಾವಣದಲ್ಲೇ ಅತ್ತೆಯನ್ನು ನೋಡಿ ಸಂಜೆಗೆ ಬದಲಾಯಿಸಿಕೊಂಡಿದ್ದಳು. ನನ್ನ ಲೆಕ್ಕದಲ್ಲಿ ಅವಳಿನ್ನೂ ಅವ್ವನ ಪಕ್ಕದಲ್ಲೇ ಒಂದು ಗಂಟೆಗೆ ತಟ್ಟೆ ಹಾಕಿಕೊಂಡು ಕೂತಿದ್ದಳು.

ಅನ್ನ ಮಾಡಿ ಇಬ್ಬರೂ ಉಂಡೆವು. ಕೈ ತೊಳೆದ ಮೇಲೆ ಅಕ್ಕ, “ಮುಗೀತಪ್ಪ ನನ್ನ ಒಪ್ಪತ್ತು. ಇನ್ನು ಸಂಜಿಗೆ ಏನೂ ಇಲ್ಲ,” ಎಂದುಬಿಟ್ಟಳು. ಸಕ್ಕರೆ ಮತ್ತೆ ಇಳಿದರೆ? ಡಾಕ್ಟರು, ಸಕ್ಕರೆ, ಜೀವ ಎಂದೆಲ್ಲ ಹೇಳಿದೆ, ಅಲ್ಲಾಡಲಿಲ್ಲ. ಕೊನೆಗೆ ಮೇಷ್ಟ್ರ ಬುದ್ಧಿಯೇ ಕೈಹಿಡಿಯಿತು.

“ಈಗ ಉಂಡಿದ್ದು ಅವ್ವನ ಮನಿ ಒಪ್ಪತ್ತು. ಸಂಜಿಗೆ ಉಣ್ಣೋದು ಅತ್ತಿ ಮನಿ ಒಪ್ಪತ್ತು. ಎರಡೂ ಮನಿ ಮಗಳಲ್ಲೇನು ನೀನು? ಒಂದು ಮಾಡಿ ಇನ್ನೊಂದು ಬಿಟ್ರೆ ಶಿವ ಮೆಚ್ತಾನೇನು?”

ಮೋಸ ಅವಳಿಗೆ ತಿಳಿಯದೆ ಇರಲಿಲ್ಲ.

“ಆತು. ಆದ್ರೆ ಅವ್ವನ ಮನಿ ಒಪ್ಪತ್ತಿಗೆ ಅವ್ವನ ಮನಿಯೋರು ಬಂದು ಎದುರಿಗೆ ಕುಂತ್ಕಂಡು ಉಣ್ಣಬೇಕು,” ಎಂದಳು. “ಬರ್ತೀಯೇನು?”

ಉಳಿದ ಸೋಮವಾರಗಳಿಗೆ ನಾನು ಶಾಲೆಗೆ ರಜಾ ಚೀಟಿ ಬರೆದೆ. ಕಾರಣ ಎಂಬಲ್ಲಿ ‘ಒಪ್ಪತ್ತು’ ಎಂದಷ್ಟೇ ಬರೆದಿದ್ದೆ. ಯಾವ ಹೊತ್ತು ಎಂದು ಹೆಡ್‌ಮಾಸ್ತರರು ಕೇಳಿದರು. ಅಕ್ಕ ಉಣ್ಣುವ ಹೊತ್ತು ಎಂದೆ.